ಡ್ರಮ್ಮಿನ ನೀರು, ಗಪ್ಪಿ ಮರಿ

ದಾವಣಗೆರೆ, ಹರಿಹರದ ಮನೆಗಳಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸ ಎರಡು ದಾರಿ ಹಿಡಿದಿದೆ. ಟಿ.ವಿ. ಪಕ್ಕದ ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡುವುದು ಒಂದು. ತಾರಸಿಯ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ, ಮಾಲಿ ಮರಿ ಮಾಡಿಸುವುದು ಇನ್ನೊಂದು. ಮೊದಲನೆಯದು ನಿಲ್ಲಬೇಕು. ಎರಡನೆಯದನ್ನು ಮನಸಾರೆ ಮೆಚ್ಚುತ್ತೇನೆ, ಆದರೆ ಅದರಲ್ಲೂ ಒಂದು ತಕರಾರಿದೆ.

ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುವ, ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ ಮೀನು. ಬೋಗುಣಿಯಲ್ಲಿ ಅದರ ಹಿಕ್ಕೆಯಿಂದ ಹುಟ್ಟುವ ಅಮೋನಿಯಾ ಅದನ್ನೇ ಕೊಲ್ಲುತ್ತದೆ. ಆ ವಿಷವನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ಕೆಲವು ವಾರ ಬೇಕು. ಅಷ್ಟು ಕಾಯುವ ತಾಳ್ಮೆ ಕೊಳ್ಳುವವರಿಗಿಲ್ಲ. ಸತ್ತರೆ ಇನ್ನೊಂದು ತಂದರಾಯಿತು ಎಂಬ ಮಾತು ಮಕ್ಕಳ ಕಿವಿಗೆ ಬೀಳಬಾರದು.

ಗಪ್ಪಿಯ ಕಥೆ ಬೇರೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಅದಕ್ಕೆ ಒಗ್ಗುತ್ತದೆ. ನಲ್ಲಿ ನೀರು ದಿನಾ ಬಾರದ ಊರಾದ್ದರಿಂದ ಮನೆಮನೆಯಲ್ಲೂ ಡ್ರಮ್ಮು ತುಂಬಿಡುತ್ತೇವೆ. ಮುಚ್ಚದೆ ಒಂದು ದಿನ ಇಟ್ಟರೆ ಆ ನೀರಿನ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಮೀನು ಸಾಕಲು ಬೇಕಾದ ಮೊದಲ ಪಾಠ ಹೀಗೆ ನಮ್ಮ ರೂಢಿಯಲ್ಲೇ ಇದೆ. ಹೆಣ್ಣಿನ ಹೊಟ್ಟೆ ಉಬ್ಬಿ, ಬಾಲದ ಬುಡದ ಹತ್ತಿರದ ಕಪ್ಪು ಮಚ್ಚೆ ದಟ್ಟವಾದಾಗ ಅದನ್ನು ಪಾಚಿ ತುಂಬಿದ ಬೇರೆ ತೊಟ್ಟಿಗೆ ಬಿಡಬೇಕು. ಸುಮಾರು ನಾಲ್ಕು ವಾರಕ್ಕೊಮ್ಮೆ ಈಯುತ್ತದೆ. ಮರಿ ಹುಟ್ಟಿದ ಕೂಡಲೇ ಈಜಿ ಪಾಚಿಯೊಳಗೆ ಅಡಗುತ್ತದೆ, ಏಕೆಂದರೆ ಹೆತ್ತ ತಾಯಿಯೇ ಅದನ್ನು ನುಂಗಬಹುದು. ಒಮ್ಮೆ ಗಂಡು ಕೂಡಿದರೆ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟು ಮತ್ತೆ ಮತ್ತೆ ಮರಿ ಹಾಕುತ್ತದೆ. ಚೆನ್ನೈನ ಕೊಳತ್ತೂರಿನಂಥ ಕಡೆಗಳಿಂದ ಆಕ್ಸಿಜನ್ ಚೀಲದಲ್ಲಿ ಬಂದು ಸುಸ್ತಾದ ಮೀನಿಗಿಂತ ನಮ್ಮ ನೀರಲ್ಲೇ ಹುಟ್ಟಿದ ಈ ಮರಿ ಗಟ್ಟಿ. ಹಿತ್ತಲಲ್ಲಿ ಅಲಂಕಾರಿಕ ಮೀನು ಸಾಕಲು 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಶೇ 60ರಷ್ಟು ಸಹಾಯಧನಕ್ಕೆ ಅವಕಾಶವಿದೆ. ಮನೆಯ ಹೆಣ್ಣುಮಕ್ಕಳು ಈ ಕೆಲಸಕ್ಕೆ ಕೈಹಾಕಲಿ.

ಇನ್ನು ತಕರಾರು. ಮರಿ ಹೆಚ್ಚಾದಾಗ ಹಲವರು ಪುಣ್ಯದ ಕೆಲಸವೆಂದು ಕುಂದವಾಡ ಕೆರೆಗೋ ಹರಿಹರದಲ್ಲಿ ತುಂಗಭದ್ರೆಗೋ ಬಿಡಲು ಹೊರಡುತ್ತಾರೆ. ಗಪ್ಪಿ ದಕ್ಷಿಣ ಅಮೆರಿಕದ ಮೀನು. ಸೊಳ್ಳೆ ಮರಿ ತಿನ್ನುತ್ತದೆಂದು ಆರೋಗ್ಯ ಇಲಾಖೆಯೂ ಬಳಸುತ್ತದೆ. ಮುಚ್ಚಿದ ಸಂಪು, ತೊಟ್ಟಿಗಳಲ್ಲಿ ಅದು ಸರಿ. ಹೊಳೆಗೆ ಬಿದ್ದರೆ ಅದು ಸ್ಥಳೀಯ ಮೀನಿನ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಅಕ್ವೇರಿಯಂನಿಂದ ತಪ್ಪಿಸಿಕೊಂಡ ಸಕ್ಕರ್ ಮೀನು ದೇಶದ ಹಲವು ನೀರಿನ ತಾಣಗಳಲ್ಲಿ ಬೇರೂರಿ ಬೆಸ್ತರ ಬಲೆ ಹರಿಯುತ್ತಿದೆ. ನೀರಿನ ಮೇಲ್ಪದರದಲ್ಲೇ ಸೊಳ್ಳೆ ಮರಿ ಹಿಡಿಯುವ ನಮ್ಮದೇ ನೆಲದ ಪ್ಯಾಂಚಾಕ್ಸ್ ಮೀನನ್ನು ಸಾಕುವವರು ಮಾತ್ರ ವಿರಳ.

ಹೆಚ್ಚಾದ ಮರಿಗಳನ್ನು ಪಕ್ಕದ ಮನೆಯ ಸಂಪಿಗೆ ಕೊಡಿ, ಅಂಗಡಿಗೆ ಹಿಂದಿರುಗಿಸಿ, ಗಂಡು ಹೆಣ್ಣನ್ನು ಬೇರೆ ಮಾಡಿ. ಕೆರೆಗೂ ಹೊಳೆಗೂ ದಯವಿಟ್ಟು ಬಿಡಬೇಡಿ.