ಚಕ್ಕುಬಂದಿಯಿಲ್ಲದ ಪತ್ರಗಳು

ಇಸ್ರೇಲಿಗರಿಗೂ ಪ್ಯಾಲೆಸ್ಟೀನಿಯರಿಗೂ ನಡುವಣ ಸಂಧಾನಗಳು ಏಕೆ ಮುರಿದುಬಿದ್ದುವೆಂಬುದಕ್ಕೆ ರಾಜನೀತಿಜ್ಞರು ಹಲವು ಕಾರಣಗಳನ್ನು ಕೊಡುತ್ತಾರೆ. ನಾನು ರಾಜನೀತಿಜ್ಞನಲ್ಲ, ಪದ್ಯವನ್ನು ಓದುವ ಅಭ್ಯಾಸದಿಂದಲೇ ಆ ಒಪ್ಪಂದಗಳನ್ನು ಓದಿದೆ. ಓದಿದಾಗ ಹೊಳೆದುದಿಷ್ಟು: ಅವುಗಳ ಮುಖ್ಯವಾದ ಮಾತುಗಳು ಬಹುಮಟ್ಟಿಗೆ ಶ್ಲೇಷ. ಕಾವ್ಯದಲ್ಲಿ ಒಂದೇ ಶಬ್ದ ಎರಡು ಅರ್ಥ ಕೊಟ್ಟರೆ ಸಹೃದಯನು ಎರಡನ್ನೂ ಸವಿಯುತ್ತಾನೆ. ಕರಾರಿನಲ್ಲಿ ಹಾಗಾದರೆ ಒಬ್ಬೊಬ್ಬನು ಒಂದೊಂದು ಅರ್ಥವನ್ನು ಹಿಡಿದು ಮನೆಗೆ ಹೋಗುತ್ತಾನೆ. ಜಗಳ ಮರುದಿನ ಮೊದಲಾಗುತ್ತದೆ.

ಮೊದಲ ಉದಾಹರಣೆ 1967ರದು. ಆ ವರ್ಷದ ಯುದ್ಧದ ತರುವಾಯ ಭದ್ರತಾ ಮಂಡಲಿ ಅಂಗೀಕರಿಸಿದ 242ನೆಯ ನಿರ್ಣಯವೇ ಮುಂದಿನ ಸಂಧಾನಗಳಿಗೆ ತಳಹದಿ. ಆಕ್ರಮಿತ ಪ್ರದೇಶಗಳಿಂದ ಇಸ್ರೇಲಿನ ಸೇನೆ ಹಿಂದೆಗೆಯಬೇಕೆಂದು ಅದು ಹೇಳುತ್ತದೆ. ಎಲ್ಲ ಪ್ರದೇಶಗಳಿಂದಲೋ, ಕೆಲವುಗಳಿಂದಲೋ? ಇಂಗ್ಲಿಷ್ ಪಾಠದಲ್ಲಿ 'ದಿ' ಎಂಬ ಪುಟ್ಟ ಉಪಪದವಿಲ್ಲ. ಫ್ರೆಂಚ್ ಪಾಠದಲ್ಲಿ ಅದಕ್ಕೆ ಸಮನಾದುದುಂಟು. ಇಸ್ರೇಲ್ ಇಂಗ್ಲಿಷನ್ನು ಹಿಡಿಯಿತು, ಅರಬರು ಫ್ರೆಂಚನ್ನು. ಕನ್ನಡದಲ್ಲಿ ಅಂಥ ಉಪಪದವೇ ಇಲ್ಲ; ಭಾಷಾಂತರಿಸ ಹೊರಟವನಿಗೆ ಈ ಜಗಳದ ಬೇರೇ ಸಿಕ್ಕುವುದಿಲ್ಲ. ನಿರಾಶ್ರಿತರಿಗೆ ನ್ಯಾಯ ದೊರಕಬೇಕೆನ್ನುವ ಆ ನಿರ್ಣಯದಲ್ಲಿ ಪ್ಯಾಲೆಸ್ಟೀನಿಯರೆಂಬ ಹೆಸರಂತೂ ಎಲ್ಲಿಯೂ ಬರುವುದಿಲ್ಲ.

1993ರ ಓಸ್ಲೋ ಸಂಧಾನದಲ್ಲಿ ಹೆಸರು ಬಂದಿತು. ಆದರೆ ತೂಕವನ್ನು ನೋಡಬೇಕು. ಅರಾಫತ್ ತಮ್ಮ ಪತ್ರದಲ್ಲಿ ಇಸ್ರೇಲ್ ರಾಜ್ಯದ ಬಾಳುವ ಹಕ್ಕನ್ನು ಒಪ್ಪಿದರು. ರಬಿನ್ ತಮ್ಮ ಉತ್ತರದಲ್ಲಿ ವಿಮೋಚನಾ ಸಂಸ್ಥೆಯನ್ನು ಪ್ಯಾಲೆಸ್ಟೀನಿಯರ ಪ್ರತಿನಿಧಿಯೆಂದು ಒಪ್ಪಿದರು, ಅಷ್ಟೆ. ಜೆರುಸಲೇಮ್, ನಿರಾಶ್ರಿತರು, ಯೆಹೂದಿ ವಸಾಹತುಗಳು, ಗಡಿ — ಯಾವುದಕ್ಕಾಗಿ ಜಗಳವೋ ಅದೆಲ್ಲ ಮುಂದಕ್ಕೆ ಹೋಯಿತು. ನಮ್ಮಲ್ಲಿ ಹತ್ತು ಗುಂಟೆ ಜಮೀನಿನ ಕ್ರಯಪತ್ರಕ್ಕೂ ಚಕ್ಕುಬಂದಿ ಬೇಕು. ಎರಡು ಜನಾಂಗಗಳ ನೆಲದ ಪತ್ರಕ್ಕೆ ಅದು ಇರಲಿಲ್ಲ. ಅಂತಿಮ ತೀರ್ಮಾನದವರೆಗೆ ಪ್ರದೇಶದ ಸ್ಥಿತಿಯನ್ನು ಯಾರೂ ಬದಲಿಸಕೂಡದೆಂದು 1995ರ ಒಪ್ಪಂದ ವಿಧಿಸಿತು. ಮನೆ ಕಟ್ಟಿದರೆ ಸ್ಥಿತಿ ಬದಲಾದಂತಲ್ಲವೆಂದು ಇಸ್ರೇಲ್ ಅರ್ಥಮಾಡಿತು. 1993ರಲ್ಲಿ ಪಶ್ಚಿಮ ದಂಡೆಯಲ್ಲಿ ಸುಮಾರು 1.1 ಲಕ್ಷವಿದ್ದ ವಸಾಹತುಗಾರರು 2000ದ ವೇಳೆಗೆ 2 ಲಕ್ಷದ ಸಮೀಪಕ್ಕೆ ಬಂದರು.

ರಕ್ತಪಾತಕ್ಕೆ ವ್ಯಾಕರಣವನ್ನು ದೂರುವುದು ಪಂಡಿತನ ಚಪಲವಲ್ಲವೇ ಎಂದು ವಾಚಕರು ಕೇಳಬಹುದು. 1994ರಲ್ಲಿ ಹೆಬ್ರಾನಿನ ಮಸೀದಿಯಲ್ಲಿ ಒಬ್ಬ ವಸಾಹತುಗಾರನು 29 ಮಂದಿಯನ್ನು ಕೊಂದ. ಹಮಾಸಿನವರು ಬಸ್ಸುಗಳಲ್ಲಿ ಬಾಂಬು ಸಿಡಿಸಿದರು. 1995ರಲ್ಲಿ ರಬಿನ್ ಸ್ವಜನರವನೊಬ್ಬನ ಗುಂಡಿಗೆ ಬಲಿಯಾದರು. ಇವೆಲ್ಲ ನಿಜ. ಆದರೂ ಇನ್ನೊಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡೋಣ. 1978ರ ಸೆಪ್ಟೆಂಬರಿನಲ್ಲಿ ಕ್ಯಾಂಪ್ ಡೇವಿಡ್‌ನ ಮಾತುಕತೆ ಮುಗಿದಾಗ ಸಾದತ್ ಮತ್ತು ಬೆಗಿನ್ ಒಂದೇ ದಿನ ಎರಡು ಪತ್ರಗಳಿಗೆ ಸಹಿ ಹಾಕಿದರು. ಈಜಿಪ್ಟಿನ ಪತ್ರದಲ್ಲಿ ಅಂತರರಾಷ್ಟ್ರೀಯ ಗಡಿಯ ಸ್ಪಷ್ಟ ಉಲ್ಲೇಖವಿತ್ತು. ಮರುವರ್ಷ ಅದು ಶಾಂತಿ ಒಪ್ಪಂದವಾಯಿತು. 1981ರಲ್ಲಿ ಸಾದತ್ ಕೊಲೆಯಾದರೂ 1982ರಲ್ಲಿ ಇಸ್ರೇಲ್ ಸೈನೈಯನ್ನು ಬಿಟ್ಟಿತು. ತಾಬಾ ಎಂಬ ತುಂಡು ತೀರದ ವಿವಾದವನ್ನು ಮಧ್ಯಸ್ಥಗಾರರು 1988ರಲ್ಲಿ ತೀರಿಸಿದರು. ಗಡಿಯೇ ಆಧಾರವೆಂದು ಗೊತ್ತಾಗಿದ್ದುದರಿಂದ ಅದು ಸಾಧ್ಯವಾಯಿತು. ಪ್ಯಾಲೆಸ್ಟೀನಿಯರ ಪತ್ರದಲ್ಲಿದ್ದುದು 'ಪೂರ್ಣ ಸ್ವಾಯತ್ತತೆ'. ಅದು ಜನಕ್ಕೆ, ನೆಲಕ್ಕಲ್ಲ, ಎಂದರು ಬೆಗಿನ್. ಆ ಪತ್ರ ಅಲ್ಲಿಯೇ ಒಣಗಿತು.

ಮಾತನ್ನು ಸ್ಪಷ್ಟವಾಗಿ ಬರೆಯಬಾರದಾಗಿತ್ತೆ? ಬರೆದಿದ್ದರೆ ಸಹಿಯೇ ಬೀಳುತ್ತಿರಲಿಲ್ಲವೆಂಬುದನ್ನು ನಾನು ಬಲ್ಲೆ. ಈಜಿಪ್ಟಿಗೆ ಸೇನೆಯಿತ್ತು, ಲೋಕವೊಪ್ಪಿದ ಗಡಿಯಿತ್ತು. ಪ್ಯಾಲೆಸ್ಟೀನಿಯರಿಗೆ ಎರಡೂ ಇರಲಿಲ್ಲ. ಆದರೆ ಶ್ಲೇಷ ನಿಷ್ಪಕ್ಷಪಾತಿಯಲ್ಲ. ಅರ್ಥ ಹೇಳುವ ಅಧಿಕಾರ ನೆಲವನ್ನು ಹಿಡಿದವನ ಕೈಗೆ ಹೋಗುತ್ತದೆ. ಮಾತಿನಿಂದ ಏನೂ ದಕ್ಕದೆಂದು ಎದುರುಪಕ್ಷದ ಉಗ್ರನು ತನ್ನವರಿಗೆ ಹೇಳಿಕೊಡುತ್ತಾನೆ. 2000ದ ಜುಲೈಯಲ್ಲಿ ಮುಂದಕ್ಕೆ ಹಾಕಿದ ಪ್ರಶ್ನೆಗಳನ್ನು ಎರಡು ವಾರಗಳ ಮಾತುಕತೆಯಲ್ಲಿ ತೀರಿಸಹೊರಟಾಗ ನಂಬಿಕೆಯ ಗಂಟು ಕರಗಿಹೋಗಿತ್ತು. 2023ರ ಅಕ್ಟೋಬರಿನ ಹತ್ಯೆ, ಅದರ ಬೆನ್ನಿಗೆ ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನ, ಈ ಬಾಕಿಯ ಲೆಕ್ಕಕ್ಕೆ ಹೊರಗಲ್ಲ.

ಮುಂದೆಂದಾದರೂ ಹೊಸ ಪತ್ರ ಬಂದರೆ ಅದರ ಭಾಷೆಯ ಸೊಗಸನ್ನು ನಾನು ನೋಡುವುದಿಲ್ಲ. ಎರಡು ಜನರ ಹೆಸರೂ ಸಮವಾಗಿದೆಯೇ, ಗೆರೆ ಎಲ್ಲಿ ಹಾದಿದೆ — ಮೊದಲು ಇವನ್ನು ಹುಡುಕುತ್ತೇನೆ.