ಲೆಸೋಥೊ ಗೊತ್ತು, ತೊರೆಕಾಡನಹಳ್ಳಿ ಎಲ್ಲಿದೆ?

ನಮ್ಮ ಆಫೀಸಿನಲ್ಲಿ ತಿಂಗಳಿಗೊಂದು ಶುಕ್ರವಾರ ಸಂಜೆ ಕ್ವಿಜ್ ನಡೆಯುತ್ತೆ. ಪಿಜ್ಜಾ ಬರೋವರೆಗೆ ಟೈಂಪಾಸ್ ಅಂತ ಶುರುವಾಗಿದ್ದು, ಈಗ ಜನ ಹಿಂದಿನ ರಾತ್ರಿ ಓದಿಕೊಂಡು ಬರುವ ಮಟ್ಟಕ್ಕೆ ಬೆಳೆದಿದೆ. ಹೋದ ಸಲ 'ದೇಶ-ವಿದೇಶ' ಸುತ್ತಿನಲ್ಲಿ ಒಂದು ಪ್ರಶ್ನೆ ಬಂತು. ಸುತ್ತಲೂ ಒಂದೇ ಒಂದು ದೇಶ ಇರುವ ದೇಶಗಳು ಯಾವುವು? ವ್ಯಾಟಿಕನ್, ಸ್ಯಾನ್ ಮರಿನೊ, ಲೆಸೋಥೊ. ಮೂರನ್ನೂ ಒಂದೇ ಉಸಿರಿಗೆ ಹೇಳಿದೆ. ಲೆಸೋಥೊ ರಾಜಧಾನಿ ಮಸೇರು ಅಂತ ಕೇಳದೇ ಇದ್ದದ್ದನ್ನೂ ಸೇರಿಸಿದೆ. ಒಂದು ಕಾಫಿ ಮಗ್ ಬಹುಮಾನ ಬಂತು.

ಆಮೇಲೆ ಪಕ್ಕದ ಟೀಮಿನವರೊಬ್ಬರು ನೀರು ಕುಡಿಯುತ್ತಾ ನನ್ನನ್ನು ಕೇಳಿದರು, "ನಿಮ್ಮೂರು ಯಾವುದು?"

"ಮಳವಳ್ಳಿ ಹತ್ರ."

"ಅದು ಎಲ್ಲಿ ಬರುತ್ತೆ?"

"ಮಂಡ್ಯ ಜಿಲ್ಲೆ" ಅಂದೆ. "ಓ, ಮೈಸೂರು ರೋಡ್" ಅಂದರು. ನಾನೂ ಹೂಂ ಅಂದುಬಿಟ್ಟೆ. ಅವರ ಕೈಯಲ್ಲಿದ್ದ ಲೋಟದ ನೀರು ಮಳವಳ್ಳಿ ತಾಲ್ಲೂಕಿನಿಂದಲೇ ಬಂದದ್ದು ಅಂತ ಹೇಳಬೇಕಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನನಗೂ ಹೊಳೆಯಲಿಲ್ಲ. ಮಸೇರು ಮಾತ್ರ ಹೊಳೆದಿತ್ತು.

ಅವತ್ತಿನಿಂದ ಈ 'ನಿಮಗಿದು ಗೊತ್ತೇ?' ಅನ್ನುವ ಸಾಹಿತ್ಯದ ಬಗ್ಗೆ ಯೋಚಿಸುತ್ತಿದ್ದೇನೆ. ಹೌದು, ಸಾಹಿತ್ಯ ಅಂತಲೇ ಕರೆಯುತ್ತೇನೆ. ಕನ್ನಡದಲ್ಲಿ ಬಹುಶಃ ಕಥೆ, ಕವಿತೆಗಿಂತ ಹೆಚ್ಚು ಜನ ಓದುವುದು ಇದನ್ನೇ. ವಾರಪತ್ರಿಕೆಯಲ್ಲಿ ಕಥೆ ಮುಗಿದ ಮೇಲೆ ಉಳಿದ ಮೂರು ಇಂಚು ಜಾಗದಲ್ಲಿ ಇದು ಬರುತ್ತಿತ್ತು. ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ವಾಟ್ಸಾಪಿಗೆ, ಈಗ ಮೂವತ್ತು ಸೆಕೆಂಡಿನ ರೀಲಿಗೆ. ಚಂದನ ವಾಹಿನಿಯ 'ಥಟ್ ಅಂತ ಹೇಳಿ' ನೋಡಿಕೊಂಡು ಬೆಳೆದವನು ನಾನು. ಊಟದ ತಟ್ಟೆ ಮುಂದಿಟ್ಟುಕೊಂಡು ಅಪ್ಪನಿಗಿಂತ ಮೊದಲು ಉತ್ತರ ಕೂಗಿದ ಖುಷಿ ಇನ್ನೂ ನೆನಪಿದೆ. ಹಾಗಾಗಿ ಈ ಪ್ರಕಾರವನ್ನು ಕೀಳಾಗಿ ಕಾಣುವ ಯೋಗ್ಯತೆ ನನಗಿಲ್ಲ. ಜಗಳ ಇರುವುದು ಅದು ಎಲ್ಲಿ ಮಾತು ನಿಲ್ಲಿಸುತ್ತದೆ ಅನ್ನುವುದರ ಬಗ್ಗೆ.

ಒಂದು ಉದಾಹರಣೆ ಕೊಡ್ತೀನಿ. ಜಗತ್ತಿನಲ್ಲಿ ಅತಿ ಹೆಚ್ಚು ಟೈಮ್ ಜೋನ್ ಇರುವ ದೇಶ ಯಾವುದು? ರಷ್ಯಾ ಅಂತ ನೀವಂದರೆ ಸಿಕ್ಕಿಬಿದ್ದಿರಿ. ರಷ್ಯಾಕ್ಕೆ 11, ಫ್ರಾನ್ಸಿಗೆ 12. ಇದರ ಬೆನ್ನಿಗೇ ಇನ್ನೊಂದು ಬರುತ್ತೆ: ಫ್ರಾನ್ಸಿನ ಅತಿ ಉದ್ದದ ಗಡಿ ಸ್ಪೇನ್ ಜೊತೆ ಅಲ್ಲ, ಬ್ರೆಜಿಲ್ ಜೊತೆ! ಆಶ್ಚರ್ಯಸೂಚಕ ಚಿಹ್ನೆ ಹಾಕಿ ಪಟ್ಟಿ ಮುಂದಿನ ದೇಶಕ್ಕೆ ಹೋಗುತ್ತೆ. ಯಾಕೆ ಹಾಗೆ ಅಂತ ಹೇಳಲು ಅರ್ಧ ಸಾಲು ಸಾಕು. ಫ್ರೆಂಚರು ಹಡಗು ಹತ್ತಿ ಹೋದ ಕಡೆಯೆಲ್ಲ ನೆಲ ಹಿಡಿದರು, ಎಷ್ಟೋ ಕಡೆ ಆಮೇಲೆ ಬಿಟ್ಟರು, ಫ್ರೆಂಚ್ ಗಯಾನಾ, ಪಾಲಿನೇಷ್ಯಾ ಥರದ ತುಂಡುಗಳನ್ನು ಬಿಡಲಿಲ್ಲ. ಆ ಅರ್ಧ ಸಾಲು ಸೇರಿದ ಕೂಡಲೇ ವಿಷಯ ತಮಾಷೆಯಾಗಿ ಉಳಿಯುವುದಿಲ್ಲ, ಚರಿತ್ರೆಯಾಗುತ್ತದೆ. ಅದಕ್ಕೇ ಸೇರಿಸುವುದಿಲ್ಲವೋ ಏನೋ.

ಇದರ ಇನ್ನೊಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ. ಮಂಡ್ಯದಿಂದ ಬಹಳ ದೂರವಿಲ್ಲದ ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ 'ಫ್ರೆಂಚ್ ರಾಕ್ಸ್' ಅಂತ ಹೆಸರಿತ್ತು. ಹೈದರ್, ಟಿಪ್ಪು ಕಡೆ ಕೆಲಸಕ್ಕಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ಬಿಡಾರ ಹೂಡಿದ್ದರು, ಅದಕ್ಕೆ ಆ ಹೆಸರು. ಬ್ರೆಜಿಲ್ ಪಕ್ಕದಲ್ಲಿ ಫ್ರಾನ್ಸ್ ಇರುವುದಕ್ಕೂ ಪಾಂಡವಪುರಕ್ಕೆ ಆ ಹೆಸರು ಬಂದದ್ದಕ್ಕೂ ಮೂಲ ಒಂದೇ. ಶಾಲೆಯಲ್ಲಿ ಯಾರಾದರೂ ಇವೆರಡನ್ನೂ ಒಟ್ಟಿಗೆ ಹೇಳಿದ್ದರೆ ನನಗೆ ಅಟ್ಲಾಸ್ ಬೇರೆ ಥರ ಕಾಣುತ್ತಿತ್ತು.

ಪಟ್ಟಿಗಳ ಮತ್ತೊಂದು ತೊಂದರೆ, ಅವು ಹಳಸುತ್ತವೆ ಮತ್ತು ಹಳಸಿದ್ದು ಗೊತ್ತಾಗುವುದಿಲ್ಲ. ಬಾಂಗ್ಲಾದೇಶದೊಳಗೆ ಭಾರತ, ಅದರೊಳಗೆ ಬಾಂಗ್ಲಾ, ಅದರೊಳಗೆ ಮತ್ತೆ ಭಾರತ ಅಂತ ಒಂದು ಫಾರ್ವರ್ಡ್ ಈಗಲೂ ಓಡಾಡುತ್ತಿದೆ. ಕೂಚ್ ಬೆಹಾರ್ ಕಡೆಯ ಆ ತುಂಡು ಹಳ್ಳಿಗಳನ್ನು ಎರಡೂ ದೇಶಗಳು 2015ರ ಜುಲೈ 31ರ ಮಧ್ಯರಾತ್ರಿ ಅದಲುಬದಲು ಮಾಡಿಕೊಂಡವು. ಒಟ್ಟು 162 ತುಂಡು. ನಾವು ನಕ್ಕು ಫಾರ್ವರ್ಡ್ ಮಾಡುತ್ತಿದ್ದ ಆ ನಕಾಶೆಯೊಳಗಿನ ಜನರಿಗೆ ಓಟು, ರೇಷನ್ ಕಾರ್ಡು ಯಾವುದೂ ನೆಟ್ಟಗೆ ಇರಲಿಲ್ಲ.

ಹೊರಗಿನವರ ಕಥೆ ಹೀಗಾದರೆ ನಮ್ಮೂರು ಪಟ್ಟಿಗೆ ಬಂದಾಗ ಏನಾಗುತ್ತೆ ನೋಡಿ. ಶಿವನಸಮುದ್ರ 'ಭಾರತದ ಎರಡನೇ ದೊಡ್ಡ ಜಲಪಾತ, ಜಗತ್ತಿನ ಹದಿನಾರನೆಯದು' ಅಂತ ವರ್ಷಗಟ್ಟಲೆ ಓದಿದ್ದೇನೆ. ಯಾವ ಅಳತೆಯಲ್ಲಿ ದೊಡ್ಡದು ಅಂತ ಯಾರೂ ಹೇಳಲ್ಲ. ಎತ್ತರದಲ್ಲಿ ಅಂತೂ ಅಲ್ಲ. ಅದು 98 ಮೀಟರ್ ಆಸುಪಾಸು. ಜೋಗ 253 ಮೀಟರ್, ಗೋವಾ ಗಡಿಯ ದೂಧ್‌ಸಾಗರ್ 300 ದಾಟುತ್ತೆ. ಇನ್ನೊಂದು, ಶಿವನಸಮುದ್ರ 'ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ'. ಇದನ್ನು ನಾನೇ ಕಾಲೇಜಿನ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಶಿವನಸಮುದ್ರದ ಕೇಂದ್ರ ಶುರುವಾದದ್ದು 1902ರಲ್ಲಿ. ಡಾರ್ಜಿಲಿಂಗ್ ಹತ್ತಿರ ಸಿದ್ರಾಪೋಂಗ್ 1897ರಲ್ಲೇ ಶುರುವಾಗಿತ್ತು. ಜಪಾನಿನ ಕ್ಯೋಟೊದಲ್ಲಿ ಕೆಆಗೆ ಅನ್ನುವ ಕೇಂದ್ರ 1891ರಲ್ಲಿ. ಅಲ್ಲಿಗೆ ಏಷ್ಯಾನೂ ಹೋಯ್ತು, ಭಾರತವೂ ಹೋಯ್ತು.

ಬೇಜಾರಾಗೋದು ಕಿರೀಟ ಹೋಯ್ತಲ್ಲ ಅಂತ ಅಲ್ಲ, ಈ ಸುಳ್ಳು ಕಿರೀಟದ ಕೆಳಗೆ ನಿಜವಾದ ಆಶ್ಚರ್ಯ ಮುಚ್ಚಿಹೋಗಿದೆ ಅಂತ. ಆ ಕರೆಂಟು ಮಳವಳ್ಳಿಗಾಗಲೀ ಮದ್ದೂರಿಗಾಗಲೀ ಹೋಗಲಿಲ್ಲ. ಮೈಸೂರು ಅರಮನೆಗೂ ಹೋಗಲಿಲ್ಲ. ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಒಯ್ದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ, ಅಂದರೆ ಗಣಿಗೆ ಕೊಟ್ಟು ಮೂರು ವರ್ಷವಾದ ಮೇಲೆ. ನಮ್ಮ ಗಗನಚುಕ್ಕಿಯ ನೀರು ಮೊದಲು ಮಾಡಿದ ಕೆಲಸ ಇನ್ನೊಂದು ಜಿಲ್ಲೆಯ ನೆಲದಾಳದಿಂದ ಬ್ರಿಟಿಷ್ ಕಂಪನಿಗೆ ಚಿನ್ನ ಎತ್ತಿಕೊಟ್ಟದ್ದು. 'ಮೊದಲು', 'ಎರಡನೇ', 'ಹದಿನಾರನೇ' ಅನ್ನುವ ರ‍್ಯಾಂಕುಗಳಲ್ಲಿ ಇದಕ್ಕೆ ಜಾಗವೇ ಇಲ್ಲ. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದ ಹುಡುಗನ ಫೋಟೊ ಮಾತ್ರ ಹಾಕುವ ಕೋಚಿಂಗ್ ಸೆಂಟರ್ ಫ್ಲೆಕ್ಸ್ ಥರ ನಾವು ನಮ್ಮ ಊರುಗಳನ್ನೂ ಪಟ್ಟಿಗೆ ತುರುಕುತ್ತಿದ್ದೇವೆ.

ಮದ್ದೂರು ವಡೆಯ ಕಥೆ ನಿಮಗೆ ಗೊತ್ತೇ ಇರುತ್ತೆ. ರೈಲ್ವೆ ಸ್ಟೇಷನ್ನಿನಲ್ಲಿ ಪಕೋಡ ಮಾಡುತ್ತಿದ್ದವರು ರೈಲು ಬೇಗ ಬಂದುಬಿಟ್ಟಿದ್ದಕ್ಕೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ. ನಿಜವೋ ಸುಳ್ಳೋ, ಅದರಲ್ಲಿ ವಡೆಗಿಂತ ನನಗೆ ಆಶ್ಚರ್ಯ ರೈಲು ಬೇಗ ಬಂದದ್ದು. ಆದರೂ ಈ ಕಥೆಯಲ್ಲಿ ಒಂದು ಒಳ್ಳೇದಿದೆ. ತಿಂಡಿ ಹುಟ್ಟಿದ್ದು ರಸ್ತೆಯಿಂದ, ಹೋಗಿ ಬರುವ ಜನರಿಂದ ಅಂತ ಅದು ಒಪ್ಪಿಕೊಳ್ಳುತ್ತೆ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಮದ್ದೂರು, ಮಂಡ್ಯ ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತೆ. ಬೆಂಗಳೂರು–ಮೈಸೂರು ಎಷ್ಟು ನಿಮಿಷ ಅನ್ನೋದು ಈಗ ಎಲ್ಲರ ಬಾಯಲ್ಲಿರುವ 'ಫ್ಯಾಕ್ಟ್'. ಆ ನಿಮಿಷಗಳು ಉಳಿದದ್ದು ಯಾರ ಹೋಟೆಲಿನ ಮುಂದೆ ನಿಲ್ಲದೇ ಇದ್ದದ್ದರಿಂದ ಅಂತ ಮದ್ದೂರಿನವರನ್ನು ಕೇಳಿದರೆ ಹೇಳ್ತಾರೆ.

ಈಗ ಲೆಸೋಥೊಗೆ ಬರೋಣ. ಮಗ್ ಗೆದ್ದ ಪಾಪಕ್ಕೆ ಆ ವಾರ ಕೂತು ಓದಿದೆ. ಸುತ್ತಲೂ ದಕ್ಷಿಣ ಆಫ್ರಿಕಾ ಇದೆ ಅನ್ನೋದು ಕ್ವಿಜ್‌ಗೆ ಒಂದು ಅಂಕ, ಲೆಸೋಥೊದವರಿಗೆ ಅದೇ ಕುತ್ತಿಗೆಯ ಹಗ್ಗ. 1986ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ಗಡಿ ಬಿಗಿಮಾಡಿತು. ಬೇರೆ ಗಡಿಯೇ ಇಲ್ಲದ ದೇಶದ ಗತಿ ಏನು? ಅದೇ ತಿಂಗಳು ಅಲ್ಲಿ ಸೈನ್ಯ ಸರ್ಕಾರವನ್ನು ಉರುಳಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಎರಡೂ ದೇಶಗಳು ನೀರಿನ ಒಪ್ಪಂದಕ್ಕೆ ಸಹಿ ಹಾಕಿದವು. ಲೆಸೋಥೊ ಬೆಟ್ಟದ ನಾಡು, ಅಲ್ಲಿನ ಅತಿ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ 1,400 ಮೀಟರ್ ಎತ್ತರದಲ್ಲಿದೆ. ಆ ಬೆಟ್ಟಗಳಲ್ಲಿ ಅಣೆಕಟ್ಟು ಕಟ್ಟಿ, ಸುರಂಗ ಕೊರೆದು, ಜೊಹಾನ್ಸ್‌ಬರ್ಗ್ ಸುತ್ತಲಿನ ಪ್ರದೇಶಕ್ಕೆ ನೀರು ಹರಿಸುತ್ತಾರೆ. 1998ರಿಂದ ಹರಿಯುತ್ತಿದೆ. ಅದಕ್ಕೆ ದಕ್ಷಿಣ ಆಫ್ರಿಕಾ ರಾಯಲ್ಟಿ ಕೊಡುತ್ತೆ.

ಜೊಹಾನ್ಸ್‌ಬರ್ಗ್ ಚಿನ್ನಕ್ಕಾಗಿ ಹುಟ್ಟಿದ ಊರು, ಏರುದಿಣ್ಣೆಯ ಮೇಲಿದೆ, ಪಕ್ಕದಲ್ಲಿ ದೊಡ್ಡ ಹೊಳೆ ಇಲ್ಲ. ಓದುವಾಗ ಇದೆಲ್ಲೋ ಕೇಳಿದಂತಿದೆಯಲ್ಲ ಅನ್ನಿಸಿತು. ಬೆಂಗಳೂರೂ ದಿಣ್ಣೆಯ ಮೇಲಿನ ಊರು, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ತನ್ನದು ಅಂತ ಒಂದು ಹೊಳೆ ಇಲ್ಲ. ಅದಕ್ಕೆ ನೀರು ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಟಿ.ಕೆ. ಹಳ್ಳಿ ಅಂತ ಪೇಪರಿನಲ್ಲಿ ಬರುತ್ತಲ್ಲ, 'ಪಂಪಿಂಗ್ ಸ್ಟೇಷನ್ ದುರಸ್ತಿ, ನಾಳೆ ನೀರು ಬರಲ್ಲ' ಅಂತ, ಅದೇ. ಶಿವನಸಮುದ್ರದ ಹತ್ತಿರ ಕಾವೇರಿಯಿಂದ ತೆಗೆದ ನೀರನ್ನು ಅಲ್ಲಿ ಶುದ್ಧ ಮಾಡಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿ, ಹೀಗೆ ಹಂತ ಹಂತವಾಗಿ ಪಂಪು ಮಾಡುತ್ತಾ ಸುಮಾರು 100 ಕಿಲೋಮೀಟರ್ ದೂರಕ್ಕೆ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ತಳ್ಳುತ್ತಾರೆ. ಮೊದಲ ಹಂತ 1974ರಲ್ಲಿ. ಐದನೇ ಹಂತ 2024ರ ಅಕ್ಟೋಬರಿನಲ್ಲಿ, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಲೆಸೋಥೊದ ನೀರು ಬೆಟ್ಟದಿಂದ ತಾನಾಗಿ ಇಳಿದು ಹೋಗುತ್ತೆ, ನಮ್ಮ ನೀರನ್ನು ಬೆಟ್ಟ ಹತ್ತಿಸಬೇಕು. ಇದಕ್ಕಿಂತ ದೊಡ್ಡ ಭೂಗೋಳದ ಆಶ್ಚರ್ಯ ಬೆಂಗಳೂರಿನಲ್ಲಿ ಕೂತವರಿಗೆ ಯಾವುದಿದೆ? ಯಾವ ಪಟ್ಟಿಯಲ್ಲೂ ನಾನಿದನ್ನು ನೋಡಿಲ್ಲ.

ಒಂದು ವ್ಯತ್ಯಾಸ ಇದೆ. ಲೆಸೋಥೊ ಚಿಕ್ಕದಾದರೂ ದೇಶ, ಒಪ್ಪಂದಕ್ಕೆ ಸಹಿ ಹಾಕಬಹುದು. ತಾಲ್ಲೂಕಿಗೆ ಸಹಿ ಹಾಕುವ ಕೈ ಇಲ್ಲ.

ದೂರದ ದೇಶದ ಬಗ್ಗೆ ಕನ್ನಡದಲ್ಲಿ ಬೇರೆ ಥರ ಬರೆದವರೂ ಇದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಪ್ರವಾಸಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಹೆಸರು 'ಅಮೇರಿಕಾದಲ್ಲಿ ಗೊರೂರು'. ಹೋದದ್ದು ಮನುಷ್ಯ, ಹೆಸರಿನಲ್ಲಿ ಊರೂ ಜೊತೆಗೆ ಹೋಯಿತು. ನಮ್ಮ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನವರಾದ ಎ.ಎನ್. ಮೂರ್ತಿರಾಯರು ಬರೆದದ್ದು 'ಅಪರವಯಸ್ಕನ ಅಮೆರಿಕಾ ಯಾತ್ರೆ'. ಈ ಹೆಸರಿನಲ್ಲಿ ವಯಸ್ಸಾದ ಒಬ್ಬ ಯಾತ್ರಿಕ ನಿಂತಿದ್ದಾನೆ. ನೋಡುತ್ತಿರುವವನು ಯಾರು, ಎಲ್ಲಿಂದ ಬಂದವನು ಅನ್ನುವುದನ್ನು ಇಬ್ಬರೂ ರಟ್ಟಿನ ಮೇಲೆಯೇ ಹೇಳಿಬಿಟ್ಟರು. ರೀಲಿನಲ್ಲಿ ಮಾತಾಡುವ ದನಿಗೆ ಊರೇ ಇರುವುದಿಲ್ಲ. ಎಲ್ಲ ದೇಶವನ್ನೂ ಅದು ವಿಮಾನದ ಕಿಟಕಿಯಿಂದ ನೋಡಿದಷ್ಟೇ ಎತ್ತರದಿಂದ ನೋಡುತ್ತೆ. ಅಂದಹಾಗೆ ಗೊರೂರು, ಅಕ್ಕಿಹೆಬ್ಬಾಳು ಎರಡೂ ಹೇಮಾವತಿ ದಡದ ಊರುಗಳು. ಹೇಮಾವತಿ ಕಾವೇರಿಗೆ ಸೇರುತ್ತೆ, ಕಾವೇರಿ ಶಿವನಸಮುದ್ರಕ್ಕೆ ಬರುತ್ತೆ, ಅಲ್ಲಿಂದ ಪೈಪು.

ಹೋದ ತಿಂಗಳು ಊರಿಗೆ ಕನಕಪುರ ರಸ್ತೆಯಲ್ಲಿ ಹೋದೆ. ತಾತಗುಣಿ, ಹಾರೋಹಳ್ಳಿ, ಕನಕಪುರ, ಹಲಗೂರು. ನೀರು ಬರುವ ದಾರಿಯಲ್ಲೇ ಎದುರು ದಿಕ್ಕಿಗೆ ಹೋಗುತ್ತಿದ್ದೇನೆ ಅಂತ ಮೊದಲ ಸಲ ಗಮನಿಸಿದೆ. ದೊಡ್ಡಪ್ಪನ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಅಂತ ಪೇಪರಿನಲ್ಲಿ ಬಂದರೂ ಅಲ್ಲಿಗೆ ಬಂದು ಮುಟ್ಟುವುದು ಅದೃಷ್ಟ. ಜಗಲಿಯ ಮೇಲೆ ಕೂತು ಲೆಸೋಥೊ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನೀರಿಗೆ ದುಡ್ಡು ಕೊಟ್ಟಾರಾ ಅವ್ರು?"

"ಕೊಡ್ತಾರೆ ದೊಡ್ಡಪ್ಪ. ಒಪ್ಪಂದ ಆಗದೆ."

"ಆ ದುಡ್ಡು ಗದ್ದೆ ಕಳ್ಕಂಡೋರ್‌ಗೆ ಹೋಯ್ತದಾ, ಸರ್ಕಾರಕ್ಕಾ?"

"ಸರ್ಕಾರಕ್ಕೆ. ಆಮೇಲೆ ಯಾರಿಗೆ ಹೋಗುತ್ತೋ ನಾನು ಅಷ್ಟು ಓದಿಲ್ಲ."

"ಮತ್ತೇನ್ ಓದ್ದೆ ಬುಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮದ್ದೂರು ವಡೆ ತಂದ್ಯಾ ಮಗಾ?" ಅಂತ ಕೇಳಿದರು.

"ಕನಕಪುರ ರೋಡಲ್ಲಿ ಬಂದೆ ದೊಡ್ಡಪ್ಪ, ಮದ್ದೂರು ಸಿಗಲಿಲ್ಲ" ಅಂದೆ.