ತಾತ್ಕಾಲಿಕ ದುಡಿಮೆಗಾರರ ಅಧ್ಯಯನ: ಕೆಲವು ಆಕ್ಷೇಪಗಳು

ವಲಸೆ ಕಾರ್ಮಿಕರನ್ನು ಕುರಿತ ಪಿಎಚ್.ಡಿ. ಪ್ರಬಂಧಗಳು ನಮ್ಮಲ್ಲಿ ಒಂದು ಸಿದ್ಧ ಆಕೃತಿಯನ್ನು ಪಡೆದಿವೆ. ಪ್ರಶ್ನಾವಳಿ, ಮಾದರಿ ಆಯ್ಕೆ, ಕೋಷ್ಟಕಗಳು, ಕಡೆಗೆ ಸರಕಾರಕ್ಕೆ ಸಲಹೆ. ಈ ಆಕೃತಿ ಯಾರನ್ನು ಕಾಣಿಸುತ್ತದೆ, ಯಾರನ್ನು ಮರೆಮಾಡುತ್ತದೆ ಎಂಬ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿಯೂ ಕೇಳಬಹುದಾಗಿದೆ.

ನಾಸಿಕ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಪಿಂಪಳಗಾಂವ್ ಬಸವಂತ್ ಇದಕ್ಕೆ ತಕ್ಕ ನೆಲೆ. (ಹೆಸರಿನಲ್ಲಿ ಬಸವ ಕಂಡೊಡನೆ ಕನ್ನಡದ ನಂಟು ಹುಡುಕುವ ಉತ್ಸಾಹ ನಮ್ಮವರಿಗೆ ಸಹಜ, ಹೆಸರೊಂದೇ ಆಧಾರವಾಗದು.) ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಎರಡು ಬಾರಿ ಬಳ್ಳಿ ಸವರಬೇಕು, ವರ್ಷಾರಂಭದಿಂದ ಬೇಸಗೆಯವರೆಗೆ ಕೊಯ್ಲು. ಸುರಗಾಣಾ, ಪೇಠ ಮೊದಲಾದ ಆದಿವಾಸಿ ತಾಲ್ಲೂಕುಗಳಿಂದ ತಂಡಗಳು ಬರುತ್ತವೆ. ಎಕರೆಗೆ ಇಷ್ಟೆಂದು ಇಡೀ ತಂಡಕ್ಕೆ ಗುತ್ತಿಗೆ ಗೊತ್ತಾಗುವುದುಂಟು. ಅಂತಹವರನ್ನು ‘ದಿನಗೂಲಿ ಎಷ್ಟು?’ ಎಂದು ಕೇಳಿದರೆ ಬರುವ ಅಂಕಿ, ಆ ಪ್ರಶ್ನೆಯೇ ಹುಟ್ಟಿಸಿದ ಅಂಕಿ.

ಸರಕಾರಿ ಎಣಿಕೆಯಲ್ಲಿಯೂ ಇದೇ ತೊಡಕು. ರಾಷ್ಟ್ರೀಯ ಮಾದರಿ ಸಮೀಕ್ಷೆ ಅಲ್ಪಾವಧಿ ವಲಸೆಗೆ 1999-2000ರಲ್ಲಿ ಕನಿಷ್ಠ 60 ದಿನಗಳ ಗೆರೆ ಎಳೆದಿತ್ತು; 2007-08ರಲ್ಲಿ ಅದು 30ಕ್ಕೆ ಇಳಿಯಿತು. ವರ್ಷದಲ್ಲಿ 45 ದಿನ ಹೊರಗೆ ದುಡಿದವಳು ಮೊದಲನೆಯದಕ್ಕೆ ವಲಸೆಗಾರ್ತಿಯಲ್ಲ, ಎರಡನೆಯದಕ್ಕೆ ಹೌದು; 25 ದಿನ ದುಡಿದವಳು ಎರಡಕ್ಕೂ ಅಲ್ಲ. ಕಾಯಿದೆಯ ಮಾತೂ ಹಾಗೆಯೇ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಾಗಲಿ, 2025ರ ನವೆಂಬರಿನಲ್ಲಿ ಜಾರಿಗೊಂಡು ಅದರ ಸ್ಥಾನ ಪಡೆದ 2020ರ ಸಂಹಿತೆಯಾಗಲಿ ರಾಜ್ಯದ ಗಡಿ ದಾಟಿದವರನ್ನೇ ಗಣಿಸುತ್ತದೆ. ಸುರಗಾಣೆಯಿಂದ ನಿಫಾಡಿಗೆ ಬಂದವರ ಪರವಾಗಿ ಆ ಕಾಯಿದೆಯ ‘ಕಟ್ಟುನಿಟ್ಟಿನ ಅನುಷ್ಠಾನ’ವನ್ನು ಬೇಡುವ ಸಲಹಾಧ್ಯಾಯ ವ್ಯರ್ಥ.

ನಮ್ಮ ಪ್ರಾಚೀನ ಕೃತಿಗಳೂ ಈ ದೋಷದಿಂದ ಮುಕ್ತವಲ್ಲ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನ ಕೆರೆಯನ್ನು ತೋಡಿದವರು ಶೂನ್ಯಸಂಪಾದನೆಯಲ್ಲಿ ಅಲ್ಲಮನ ಮೇಲೆ ಕಲ್ಲು ತೂರುವ ಗುಂಪಾಗಿ ಮಾತ್ರ ಬಂದು ಮರೆಯಾಗುತ್ತಾರೆ. ಆದರೆ ಅದು ಕೆರೆ ತೋಡುವವರ ಕಥೆಯೆಂದು ಹೇಳಿಕೊಂಡಿರಲಿಲ್ಲ; ನಮ್ಮ ಪ್ರಬಂಧಗಳು ಹೇಳಿಕೊಳ್ಳುತ್ತವೆ.

ಯಾನ್ ಬ್ರೆಮನ್ ದಕ್ಷಿಣ ಗುಜರಾತಿನ ಅದೇ ಹಳ್ಳಿಗಳಿಗೆ ದಶಕಗಳ ಕಾಲ ಮರಳಿ ಮರಳಿ ಹೋದರು. ಅಷ್ಟು ಅವಧಿ ಸಂಶೋಧನ ವಿದ್ಯಾರ್ಥಿಗೆ ದೊರೆಯದು, ನಿಜ. ಎರಡು ಹಂಗಾಮು ಹೋಗಲು ಅಡ್ಡಿಯೇನು? ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಗಳಿಗೆ ಬೀಡಿನಿಂದ ಬರುವ ಕಬ್ಬು ಕಡಿಯುವವರಲ್ಲಿ ಗಂಡಹೆಂಡಿರ ಜೋಡಿಗೆ ‘ಕೋಯ್ತಾ’, ಅಂದರೆ ಕತ್ತಿ, ಎಂದೇ ಹೆಸರು, ಮುಂಗಡವೂ ಜೋಡಿಗೇ. ಅಂತಹ ಪ್ರಬಂಧ ಕೈಗೆ ಬಂದಾಗ ಹೆಂಡತಿಯ ಕೂಲಿ ಯಾವ ಕೋಷ್ಟಕದಲ್ಲಿದೆಯೆಂದು ಪರೀಕ್ಷಕರು ಮೊದಲು ನೋಡಬೇಕು.